ಬಾಬೆಲಿನ ಗೋಪುರವೂ ವರ್ಣಭೇದದ ರಾಜ್ಯವೂ

1948ರಲ್ಲಿ ದಕ್ಷಿಣ ಆಫ್ರಿಕದ ಪ್ರಧಾನಿಯಾಗಿ ವರ್ಣಭೇದವನ್ನು ರಾಜನೀತಿಯನ್ನಾಗಿ ಮಾಡಿದ ಡಿ. ಎಫ್. ಮಲಾನ್, ರಾಜಕಾರಣಕ್ಕೆ ಬರುವ ಮುನ್ನ ಡಚ್ ರಿಫಾರ್ಮ್ಡ್ ಸಭೆಯ ಬೋಧಕರಾಗಿದ್ದರು. ಆ ನೀತಿಯನ್ನು ಬೆಂಬಲಿಸಿದ ಆಫ್ರಿಕಾನರರಲ್ಲಿ, ಅಂದರೆ ಡಚ್ ಮೂಲದ ಬಿಳಿಯರಲ್ಲಿ, ಬಹುಮಂದಿ ಪ್ರತಿದಿನವೂ ಮನೆಯಲ್ಲಿ ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತಿದ್ದ ದೈವಭಕ್ತರು. ಅನ್ಯಾಯವನ್ನು ಅನ್ಯಾಯವೆಂದು ಬಲ್ಲವನ ಮನಸ್ಸನ್ನು ತಿರುಗಿಸುವುದಕ್ಕಿಂತ, ಅದನ್ನು ದೇವಾಜ್ಞೆಯೆಂದು ನಂಬಿದವನನ್ನು ತಿದ್ದುವುದು ಬಹು ಕಷ್ಟ.

ಆದರೆ ಈ ಬೇರ್ಪಡಿಕೆ ಶಾಸ್ತ್ರದಿಂದ ಹುಟ್ಟಿದುದಲ್ಲ. 1857ರಲ್ಲಿ ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಸಭೆಯ ಆಡಳಿತ ಮಂಡಲಿಯಾದ ಸಿನೊಡ್, ಎಲ್ಲ ವರ್ಣದವರೂ ಒಂದೇ ಸಭೆಯಲ್ಲಿ ಕೂಡುವುದೇ ಶಾಸ್ತ್ರಸಮ್ಮತವೆಂದು ಒಪ್ಪಿಕೊಂಡೇ, ಕೆಲವರ ದೌರ್ಬಲ್ಯದ ನಿಮಿತ್ತ ಬೇರೆ ಬೇರೆ ಆರಾಧಿಸಲು ಅನುಮತಿಯಿತ್ತಿತು. 1881ರಲ್ಲಿ ಬಿಳಿಯರಲ್ಲದವರಿಗೆ ಪ್ರತ್ಯೇಕ ಸಭೆಯೇ ಏರ್ಪಟ್ಟಿತು. ಆಚಾರ ಮೊದಲು ಬಂದಿತು, ಪ್ರಮಾಣವನ್ನು ಆಮೇಲೆ ಹುಡುಕಿದರು. ಆದಿಕಾಂಡದಲ್ಲಿ ದೇವರು ಬಾಬೆಲಿನ ಗೋಪುರ ಕಟ್ಟಿದವರ ಭಾಷೆಯನ್ನು ಗಲಿಬಿಲಿಗೊಳಿಸಿ ಅವರನ್ನು ಚದರಿಸಿದನಷ್ಟೆ. ಜನಾಂಗಗಳು ಬೇರೆಬೇರೆಯಾಗಿ ಬಾಳುವುದೇ ದೈವಸಂಕಲ್ಪವೆಂದು ವರ್ಣಭೇದದ ಸಮರ್ಥಕರು ಅದರಿಂದ ಸಾಧಿಸಿದರು. ಅಲ್ಲಿ ಚದರಿದ ಭಾಷೆಗಳೆಲ್ಲ ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ಒಂದೇ ಸುವಾರ್ತೆಯನ್ನು ಸಾರಿ, ನಾನಾ ದೇಶದವರನ್ನು ಒಂದೇ ಸಭೆಯಾಗಿ ಕೂಡಿಸಿದ ಪ್ರಸಂಗ ಅದೇ ಸತ್ಯವೇದದಲ್ಲಿದ್ದರೂ ಅದಕ್ಕೆ ಅಷ್ಟು ತೂಕ ದೊರೆಯಲಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವಂತೂ ಸರಕಾರಕ್ಕೆ ಕವಚವಾಯಿತು; ಅಧಿಕಾರವೆಲ್ಲ ದೇವರಿಂದಲೇ ಬಂದುದಾದ ಮೇಲೆ ಎದುರಾಡುವವನು ದೇವದ್ರೋಹಿಯೇ ಎಂಬುದು ಅವರ ವಾದ. ತುರ್ತುಪರಿಸ್ಥಿತಿಯ ನಡುವೆ, 1985ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಧರ್ಮಚಿಂತಕರು ಹೊರಡಿಸಿದ ‘ಕೈರೋಸ್’ ಪತ್ರ ಈ ವಾದವನ್ನು ಬೇರಿನಿಂದಲೇ ಪರಿಶೀಲಿಸಿತು. ಕ್ರಿಸ್ತನಿಂದ ಬಿಡುಗಡೆ ಹೊಂದಿದ ತಮಗೆ ಯಾವ ಸರಕಾರದ ಹಂಗೂ ಇಲ್ಲವೆಂದು ಭಾವಿಸಿದ್ದ ರೋಮಿನ ಕೆಲವು ವಿಶ್ವಾಸಿಗಳಿಗೆ ಪೌಲನು ಉತ್ತರ ಕೊಡುತ್ತಿದ್ದನೇ ಹೊರತು, ದೊರೆ ಪ್ರಜಾಪೀಡಕನಾದಾಗ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಅವನ ಮುಂದಿರಲಿಲ್ಲವೆಂದು ಅದು ತೋರಿಸಿಕೊಟ್ಟಿತು. ಪ್ರಕಟನೆ ಗ್ರಂಥದ 13ನೆಯ ಅಧ್ಯಾಯದಲ್ಲಿ ರಾಜ್ಯಾಧಿಕಾರವೇ ಮೃಗರೂಪ ತಾಳಿ ಸಮುದ್ರದಿಂದೇಳುವುದನ್ನೂ ನೆನಪಿಸಿತು. ಒಂದೇ ವಾಕ್ಯವನ್ನು ಸಿಂಹಾಸನದ ಬಳಿ ನಿಂತು ಓದುವವನಿಗೂ, ಪೊಲೀಸರ ಗುಂಡಿಗೆ ಬಲಿಯಾದ ಮಗನನ್ನು ಹೂಳಿ ಬಂದು ಓದುವವಳಿಗೂ ಕಾಣುವ ಅರ್ಥ ಒಂದೇ ಆಗಿರಲಾರದು. ಎರಡನೆಯ ಓದಿಗೆ ಕಿವಿಗೊಡದ ವ್ಯಾಖ್ಯಾನ ಎಷ್ಟು ಪಾಂಡಿತ್ಯಪೂರ್ಣವಾದರೂ ಅಪೂರ್ಣವೆಂದೇ ನನ್ನ ದೃಢವಾದ ಅಭಿಪ್ರಾಯ.

ಆಳುವವರ ಮನೆಯೊಳಗಿನಿಂದಲೂ ಅಂಥ ಓದು ಹುಟ್ಟಿತೆಂಬುದು ಸಂತೋಷದ ಸಂಗತಿ. ಆಫ್ರಿಕಾನರರ ರಹಸ್ಯ ಸಂಘವಾದ ಬ್ರೂಡರ್‌ಬಾಂಡಿನ ಸ್ಥಾಪಕರಲ್ಲೊಬ್ಬರ ಮಗನೂ ಸ್ವತಃ ಅದರ ಸದಸ್ಯರೂ ಆಗಿದ್ದ ಬೈಯರ್ಸ್ ನೌಡೆ, 1960ರ ಶಾರ್ಪ್‌ವಿಲ್ ಹತ್ಯಾಕಾಂಡದಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಮಡಿದ ಮೇಲೆ ತಮ್ಮ ನಂಬಿಕೆಯನ್ನು ಒರೆಗೆ ಹಚ್ಚಿದರು. 1963ರಲ್ಲಿ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನು ನ್ಯಾಯಸಭೆಗೆ ಹೇಳಿದ ಮಾತನ್ನೇ ಪ್ರಸಂಗಕ್ಕೆ ಆರಿಸಿಕೊಂಡು, ಜೊಹಾನ್ಸ್‌ಬರ್ಗಿನ ತಮ್ಮ ಸಭೆಯ ಬೋಧಕಪೀಠವನ್ನು ತೊರೆದರು. 1977ರಿಂದ 1984ರವರೆಗೆ ಸರಕಾರ ಅವರ ಮೇಲೆ ನಿರ್ಬಂಧಾಜ್ಞೆ ಹೇರಿತ್ತು.

1990ರಲ್ಲಿ ರುಸ್ಟೆನ್‌ಬರ್ಗಿನಲ್ಲಿ ಕೂಡಿದ ಸಭೆಗಳ ಸಮ್ಮೇಳನದಲ್ಲಿ ಪ್ರಾಧ್ಯಾಪಕ ವಿಲ್ಲಿ ಯಾಂಕರ್ ತಮ್ಮ ಪರವಾಗಿಯೂ ಡಚ್ ರಿಫಾರ್ಮ್ಡ್ ಸಭೆಯ ಪರವಾಗಿಯೂ ಅಪರಾಧವನ್ನು ಒಪ್ಪಿಕೊಂಡರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ಆ ನಿವೇದನೆಯನ್ನು ಸ್ವೀಕರಿಸಿದರು. ಆದರೂ, ಐಕ್ಯವನ್ನೂ ನ್ಯಾಯವನ್ನೂ ಸಾರಿ 1986ರಲ್ಲಿ ಅಂಗೀಕೃತವಾದ ಬೆಲ್ಹಾರ್ ವಿಶ್ವಾಸಪ್ರಮಾಣದ ಮೇಲೆ ಕರಿಯರ ಮತ್ತು ಮಿಶ್ರವರ್ಣದವರ ಸಭೆಗಳು 1994ರಲ್ಲಿ ಒಂದಾದಾಗ, ಬಿಳಿಯರ ಮೂಲಸಭೆ ಆ ಐಕ್ಯದಲ್ಲಿ ಸೇರಲಿಲ್ಲ.