ಗಣಕಯಂತ್ರದ ಕೋಣೆಗೆ ಯಾವ ಬಣ್ಣ?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಮನೆಗಳಿಗೆ ಸುಣ್ಣವೇನೂ ಹೊಸದಲ್ಲ. ಗೋಡೆಗೆ ಬಳಿಯಲೂ ಅದು ಬೇಕು, ಹುಳುವಿನ ಹಾಸಿಗೆಯ ಮೇಲೆ ಪುಡಿಯಾಗಿ ಉದುರಿಸಲೂ ಅದು ಬೇಕು. 2020ರಲ್ಲಿ ಕೋವಿಡ್ ರೋಗದ ದೆಸೆಯಿಂದ ನಗರದ ಕಚೇರಿಗಳು ಮುಚ್ಚಿದಾಗ, ನಮ್ಮ ನಾಡಿನ ಎಷ್ಟೋ ತರುಣರು ಊರಿಗೆ ಮರಳಿ, ಮನೆಯ ಒಂದು ಕೋಣೆಯಲ್ಲಿ ಗಣಕಯಂತ್ರವನ್ನಿರಿಸಿಕೊಂಡು ಉದ್ಯೋಗ ನಡೆಸಿದರು. ದಿನಕ್ಕೆ ಎಂಟು ಗಂಟೆಗಳ ಕಾಲ ಪರದೆಯನ್ನು ನೋಡಬೇಕಾದ ಅಂಥ ಕೋಣೆಗೆ ಬಣ್ಣ ಬಳಿಸುವಾಗ ಅಂದವನ್ನು ಮಾತ್ರ ನೋಡಿದರೆ ಸಾಲದು. ಕಣ್ಣಿನ ಹಿತವನ್ನೂ ನೋಡಬೇಕು.

ಗೋಡೆಯೂ ಒಂದು ಬಗೆಯ ದೀಪವೇ ಎಂಬುದನ್ನು ನಾವು ಮೊದಲು ಮನಗಾಣಬೇಕು. ಹೊಸದಾಗಿ ಬಿಳುಪು ಮಾಡಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ 100 ಪಾಲಿನಲ್ಲಿ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ. ಆ 80 ಪಾಲು ಎದುರು ಗೋಡೆಗೆ ಬಿದ್ದು 64 ಪಾಲು ಹೊರಡುತ್ತದೆ; ಅದು ಮತ್ತೊಂದಕ್ಕೆ ಬೀಳುತ್ತದೆ. ಹೀಗೆ 100, 80, 64 ಎಂದು ಕೊನೆಯವರೆಗೆ ಕೂಡಿಸುತ್ತ ಹೋದರೆ ಮೊತ್ತ 500 ಆಗುವುದು. ಗೋಡೆ ಹೊಗೆ ಹಿಡಿದು ಅರ್ಧದಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುವಂತಾದರೆ ಮೊತ್ತ 200ಕ್ಕೆ ಇಳಿಯುವುದು. ಕಿಟಕಿ, ಬಾಗಿಲು, ಬೀರುಗಳಿರುವ ಕೋಣೆಯಲ್ಲಿ ಲೆಕ್ಕ ಇಷ್ಟು ನೇರವಲ್ಲವಾದರೂ ತತ್ತ್ವ ಇದೇ. ಆರಿಸಿದ ಬಣ್ಣ ಅಂಗಡಿಯ ಚೀಟಿಯಲ್ಲಿ ಕಂಡುದಕ್ಕಿಂತ ಕೋಣೆಯಲ್ಲಿ ಗಾಢವಾಗಿ ಕಾಣುವುದಕ್ಕೂ ಇದೇ ಒಂದು ಕಾರಣ. ಬೆಳಕು ಪ್ರತಿಯೊಂದು ಸಲ ಗೋಡೆಯನ್ನು ತಾಕಿದಾಗಲೂ ಆ ಬಣ್ಣವನ್ನು ಇನ್ನಷ್ಟು ತಳೆಯುತ್ತದೆ.

ಸುಣ್ಣ ಬಳಿದ ಗೋಡೆ ಹಸಿಯಾಗಿರುವಾಗ ಮಂಕಾಗಿದ್ದು, ಒಣಗಿದ ಮೇಲೆ ಬೆಳ್ಳಗಾಗುವುದೇಕೆ? ಸುಣ್ಣದ ಕಣದ ವಕ್ರೀಭವನಾಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ಈ ಅಂಕಗಳ ಅಂತರ ಹೆಚ್ಚಿದಷ್ಟೂ ಬೆಳಕಿನ ಚದರಿಕೆ ಹೆಚ್ಚು. ಕಣಗಳ ನಡುವೆ ನೀರಿರುವಾಗ ಬೆಳಕು ಒಳಹೊಕ್ಕು ಹೋಗುತ್ತದೆ. ನೀರು ಆರಿ ಆ ಸ್ಥಳಕ್ಕೆ ಗಾಳಿ ಬಂದಾಗ ಚದರಿ ಹೊರಬರುತ್ತದೆ. ಜೊತೆಗೆ, ಅರಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಕಾರ್ಖಾನೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ವಕ್ರೀಭವನಾಂಕ ಸುಮಾರು 2.7. ಆದುದರಿಂದಲೇ ಅದರ ತೆಳುವಾದ ಪದರವೂ ಹಳೆಯ ಕಲೆಗಳನ್ನು ಮರೆಮಾಡಬಲ್ಲದು. ಇನ್ನು ಸುಣ್ಣಕ್ಕೆ ಬೆರೆಸುವ ಚಿಟಿಕೆ ನೀಲಿ ಗೋಡೆಯ ಬೆಳಕನ್ನು ಹೆಚ್ಚಿಸುವುದಿಲ್ಲ, ಕೊಂಚ ಕುಗ್ಗಿಸುತ್ತದೆ. ಆದರೆ ಹಳದಿಯ ಛಾಯೆ ಅಳಿಯುವುದರಿಂದ ಕಣ್ಣಿಗೆ ಹೆಚ್ಚು ಬೆಳ್ಳಗೆ ತೋರುತ್ತದೆ.

ಹಾಗಾದರೆ ನಾಲ್ಕು ಗೋಡೆಗಳಿಗೂ ಬಿಳಿಯೇ ಉತ್ತಮವೆ? ಇಲ್ಲಿ ಪರದೆ ಅಡ್ಡ ಬರುತ್ತದೆ. ನುಣುಪಾದ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಕನ್ನಡಿಯಂತೆ ಪ್ರತಿಫಲಿಸುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಬಿಸಿಲು ಬಿದ್ದ ಬಿಳಿಗೋಡೆಯ 4 ಪಾಲೂ ಪರದೆಯ ಮೇಲಿನ ಅಕ್ಷರಗಳನ್ನು ಮಸುಕುಗೊಳಿಸಬಲ್ಲದು. ಆದ್ದರಿಂದ ಕುಳಿತವರ ಬೆನ್ನ ಹಿಂದಿನ ಗೋಡೆಗೆ ತುಸು ಗಾಢವಾದ, ಹೊಳಪಿಲ್ಲದ ಬಣ್ಣ ತಕ್ಕದ್ದು. ಪರದೆಯ ಹಿಂದಿನ ಗೋಡೆ ತೀರ ಕಪ್ಪಾಗಿಯೂ ಇರಬಾರದು, ಕಣ್ಣು ಕುಕ್ಕುವ ಬಿಳಿಯಾಗಿಯೂ ಇರಬಾರದು. ತಿಳಿ ಬೂದು ಅಥವಾ ಮಾಸಲು ಹಸಿರು ಸಾಕು. ಛಾವಣಿ ಮಾತ್ರ ಬಿಳಿಯದಾಗಿರಲಿ. ಎಣ್ಣೆ ಬಣ್ಣದ ಹೊಳಪು ದೀಪದ ಪ್ರತಿಬಿಂಬವನ್ನೇ ತೋರಿಸುವುದರಿಂದ ಅದು ಗೋಡೆಗಳಿಗೆ ಬೇಡ.

ಕಿಟಕಿ ಪಕ್ಕದಲ್ಲಿರುವುದು ಲೇಸು. ಉತ್ತರದ ಕಿಟಕಿಗೆ ಬಿಸಿಲೇ ಬಾರದೆಂಬ ಮಾತು ದೂರದ ಶೀತದೇಶಗಳಿಗೆ ಬಹುಮಟ್ಟಿಗೆ ಒಪ್ಪುವುದು, ನಮಗೆ ಒಪ್ಪದು. ಜಂಗಮಕೋಟೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಡುನೆತ್ತಿಯ ಉತ್ತರಕ್ಕೇ ಇರುತ್ತಾನೆ. ನಡುಹಗಲಿನ ಬಿಸಿಲನ್ನು ಸಜ್ಜೆ ತಡೆಯುವುದು. ಬೆಳಗ್ಗೆ ಸಂಜೆಗಳ ಓರೆ ಬಿಸಿಲಿಗೆ ತೆರೆಯೇ ಬೇಕು.

ಬಣ್ಣಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಎಣ್ಣೆ ಬಣ್ಣಗಳಲ್ಲಿ, ವಿಶೇಷವಾಗಿ ಬಾಗಿಲು ಕಿಟಕಿಗಳ ಮೇಲಿನವುಗಳಲ್ಲಿ, ಸೀಸ ಹೆಚ್ಚಾಗಿರಬಹುದು. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ, ನೀರಿನಿಂದ ತೋಯಿಸಿ ಕೆರೆಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು. ಸುಣ್ಣವೂ ಕಣ್ಣಿಗೆ ಸಿಡಿದರೆ ಅಪಾಯವೇ. ಪಕ್ಕದಲ್ಲಿ ಹುಳುಮನೆಯಿದ್ದರೆ ಒಂದು ಬೆಳೆ ಮುಗಿದು ಮತ್ತೊಂದು ತೊಡಗುವ ಮುನ್ನಿನ ಬಿಡುವಿನಲ್ಲಿ ಬಣ್ಣದ ಕೆಲಸವನ್ನು ಮುಗಿಸತಕ್ಕದ್ದು.

ಬಣ್ಣ ಕೊಳ್ಳುವ ಮೊದಲು ವಾಚಕರು ಒಂದು ಸುಲಭ ಪರೀಕ್ಷೆ ಮಾಡಬಹುದು. ಯಂತ್ರವನ್ನು ಆರಿಸಿ, ಎಂದಿನಂತೆ ಅದರೆದುರು ಕುಳಿತು, ಕಪ್ಪಾದ ಪರದೆಯನ್ನು ಕನ್ನಡಿಯೆಂದು ಭಾವಿಸಿ ನೋಡಿರಿ. ಅದರಲ್ಲಿ ಬೆಳ್ಳಗೆ ಹೊಳೆಯುವ ಗೋಡೆ ಯಾವುದೋ, ಮೊದಲು ಬಣ್ಣ ಬದಲಿಸಬೇಕಾದುದು ಅದೇ.