ಮನೆಗೊಂದು ವೆಲ್ಡಿಂಗ್ ಯಂತ್ರ
ಗೇಟಿನ ಕೀಲು ಕಳಚಿದಾಗ, ಕಬ್ಬಿಣದ ಕುರ್ಚಿಯ ಕಾಲು ಮುರಿದಾಗ, ಮನೆಯಲ್ಲಿಯೇ ವೆಲ್ಡಿಂಗ್ ಯಂತ್ರವೊಂದಿರಬಾರದೇ ಎನಿಸುವುದು ಸಹಜ. ಕೈಯಲ್ಲೆತ್ತಿ ಒಯ್ಯಬಹುದಾದ ಇನ್ವರ್ಟರ್ ಯಂತ್ರವು ಇದಕ್ಕೆ ತಕ್ಕುದು. ಆದರೆ ಪೆಟ್ಟಿಗೆಯ ಮೇಲಿನ '200 ಆಂಪಿಯರ್' ಎಂಬ ದೊಡ್ಡ ಅಂಕಿಗೆ ಮರುಳಾಗದಿರಿ. ಗೃಹಕೃತ್ಯಕ್ಕೆ ಒದಗುವ 2.5 ಮಿ.ಮೀ. ರಾಡಿಗೆ 70ರಿಂದ 90 ಆಂಪಿಯರ್ ಸಾಕು. 200 ಆಂಪಿಯರಿನ ಭಾರವನ್ನು ಮನೆಯ 16 ಆಂಪಿಯರ್ ಸಾಕೆಟ್ಟು ತಾಳಲಾರದು. ಕೇಳಬೇಕಾದುದು ಡ್ಯೂಟಿ ಸೈಕಲ್ಲನ್ನು: ಶೇಕಡಾ 60 ಎಂದರೆ ಹತ್ತು ನಿಮಿಷಗಳಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ವಿಶ್ರಾಂತಿ.

ಹೀಗೆ ಉಳಿದ ಹಣವನ್ನು 10ನೆಯ ಶೇಡಿನ ಗಾಜುಳ್ಳ ಮುಖಕವಚಕ್ಕೆ ವ್ಯಯಮಾಡಿರಿ. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ಆ ಕ್ಷಣ ಏನೂ ತೋರದು. ಕೆಲವು ಗಂಟೆಗಳ ತರುವಾಯ ಕಣ್ಣಿನಲ್ಲಿ ಮರಳು ಸುರಿದಂತಹ ಉರಿ! ಕುತೂಹಲದಿಂದ ಸುತ್ತ ನೆರೆಯುವ ಮಕ್ಕಳನ್ನು ಮೊದಲು ಒಳಗೆ ಕಳುಹಿಸಿ, ಅನಂತರವೇ ಯಂತ್ರಕ್ಕೆ ಕೈಹಚ್ಚಿರಿ.