ದಾರಿ ಅಂಗಳ ಬಿಟ್ಟ ಮೇಲೆ

ಸಿದ್ದಾಪುರದ ಆಚೆ ಇರುವ ಸೋದರಮಾವನ ಮನೆಗೆ ಹೋಗಲು ಮೊದಲು ಎರಡು ದಣಪೆ ದಾಟಬೇಕಿತ್ತು. ಅವುಗಳಲ್ಲಿ ಒಂದು ಮಾವನ ಮನೆಯದಲ್ಲ, ಮೇಲಿನಮನೆಯವರದು. ಬಸ್ಸಿಳಿದು, ಗದ್ದೆಯ ಹಾಳಿ ಮೇಲೆ ನಡೆದು, ಸಂಕ ದಾಟಿದರೆ ಕಾಲುದಾರಿ ನೇರ ಅವರ ಅಂಗಳಕ್ಕೇ ಇಳಿಯುತ್ತಿತ್ತು. ಅಲ್ಲಿ ಜಗಲಿಯ ಮೇಲೆ ಯಾರಾದರೂ ಕೂತೇ ಇರುತ್ತಿದ್ದರು. "ಯಾವಾಗ ಬಂದ್ಯೋ? ಆಸ್ರಿಗೆ ಕುಡ್ಕಂಡು ಹೋಗು" ಎಂದು ಕೂಗಿದ ಮೇಲೆ ಹತ್ತು ನಿಮಿಷದ ದಾರಿ ಒಂದು ತಾಸಾಗುತ್ತಿತ್ತು.

ಈಗ ಡಾಂಬರು ರಸ್ತೆ ಗುಡ್ಡದ ಮೇಲ್ಬದಿಯಿಂದ ಬಂದಿದೆ. ಕಾರು ಮಾವನ ಮನೆಯ ಪೋರ್ಟಿಕೊದಲ್ಲೇ ನಿಲ್ಲುತ್ತದೆ. ಕಳೆದ ಸಲ ನಾಲ್ಕು ದಿನ ಉಳಿದೆ, ಮೇಲಿನಮನೆಯವರ ಮುಖ ನೋಡಲಿಲ್ಲ. ಎರಡು ಮನೆಗಳಿಗೂ ಜಗಳವೇನಿಲ್ಲ. ದಾರಿ ಅಂಗಳ ಬಿಟ್ಟಿದೆ, ಅಷ್ಟೇ.

ಹೀಗಾದಾಗ ನಾವು ಸಾಮಾನ್ಯವಾಗಿ ಮನುಷ್ಯರನ್ನು ದೂರುತ್ತೇವೆ. 'ಈಗಿನವರಿಗೆ ಪುರಸೊತ್ತಿಲ್ಲ', 'ಮೊಬೈಲು ಬಂದು ಎಲ್ಲ ಕೆಟ್ಟಿತು' ಇತ್ಯಾದಿ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ದಾರಿ, ಬಾಗಿಲು, ಮೆಟ್ಟಿಲುಗಳು ಮಾಡುವ ಕೆಲಸವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಲೆಕ್ಕ ಹಿಡಿದವರು ಅಮೆರಿಕದ ಲಿಯಾನ್ ಫೆಸ್ಟಿಂಗರ್, ಸ್ಟಾನ್ಲಿ ಷಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಮೂವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ತನ್ನ ವಿವಾಹಿತ ವಿದ್ಯಾರ್ಥಿಗಳಿಗೆ ವಸತಿ ಕಟ್ಟಿಸಿಕೊಟ್ಟಿತು. ಯಾರಿಗೆ ಯಾವ ಮನೆ ಎಂಬುದು ಅವರವರ ಆಯ್ಕೆಯಾಗಿರಲಿಲ್ಲ. 1950ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಒಂದೇ ಅಂತಸ್ತಿನ ಪಕ್ಕದ ಬಾಗಿಲಿನವರಲ್ಲಿ ನೂರಕ್ಕೆ 41 ಜೋಡಿ ಆಪ್ತರಾಗಿದ್ದರು. ಅದೇ ಅಂತಸ್ತಿನ ಎರಡು ತುದಿಯವರಲ್ಲಿ ಹೀಗಾದದ್ದು ಬರೀ 10. ನಡುವೆ ಇದ್ದ ಅಂತರ ಕೆಲವೇ ಹೆಜ್ಜೆ! ಇನ್ನೂ ಸ್ವಾರಸ್ಯದ ವಿಷಯ ಮೆಟ್ಟಿಲಿನದು. ಮೆಟ್ಟಿಲ ಬುಡದ ಮನೆಯವರಿಗೆ ಮಹಡಿಯ ಮೇಲಿನ ಸ್ನೇಹಿತರು ಹೆಚ್ಚು. ಅವರು ಮಾತುಗಾರರೆಂದಲ್ಲ, ಎಲ್ಲರೂ ಅವರ ಬಾಗಿಲ ಮುಂದೆಯೇ ಓಡಾಡಬೇಕಿತ್ತು.

ಮೇಲಿನಮನೆ ನಮ್ಮೂರಿನ ಮೆಟ್ಟಿಲ ಬುಡವಾಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿ ನಿಂತದ್ದು ಕಡಿಮೆ. ಕಣಿವೆಯಲ್ಲಿ ತೋಟ, ತೋಟದ ತಲೆಗೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಒಬ್ಬರ ಮನೆಯಿಂದ ಕೂಗಿದರೆ ಇನ್ನೊಬ್ಬರಿಗೆ ಕೇಳಿತು, ಕೇಳದೆಯೂ ಹೋಯಿತು. ಇಂಥ ಕಡೆ ಜನ ಜನರನ್ನು ಕಾಣಲು ದಾರಿಯೂ ಜಗಲಿಯೂ ಕೂಡಿ ಕೆಲಸ ಮಾಡಬೇಕು. ಜಗಲಿಯೆಂದರೆ ಮೊಣಕಾಲೆತ್ತರದ ಕಟ್ಟೆ, ಎದುರು ಮರದ ಕಂಬ, ಮೇಲೆ ತಗ್ಗಿ ಬಂದ ಮಾಡು. ಬಂದವನು ಚಪ್ಪಲಿ ಬಿಡದೆ ಅಂಚಿಗೆ ಕುಂಡೆ ಊರಿ ಎರಡು ಮಾತಾಡಿ ಎದ್ದುಹೋಗಬಹುದು. ಕಾಲು ಮೇಲೆಳೆದುಕೊಂಡು ಕಂಬಕ್ಕೆ ಬೆನ್ನು ಕೊಟ್ಟರೆ ಊಟದ ತನಕ ಕೂರಬಹುದು. ಒಳಗೆ ಕರೆಯಲೇಬೇಕೆಂಬ ಹಂಗು ಮನೆಯವರಿಗಿಲ್ಲ, ಬಂದ ಕಾರಣ ಹೇಳಲೇಬೇಕೆಂಬ ಮುಜುಗರ ಇವನಿಗಿಲ್ಲ. ಪೇಟೆಯ ಮನೆಯ ಕರೆಗಂಟೆಗೆ ಈ ನಡುವಣ ಸ್ಥಿತಿ ಗೊತ್ತೇ ಇಲ್ಲ. ಗುಂಡಿ ಒತ್ತಿದಿರೋ, ನೀವು ಅತಿಥಿ.

ಕಟ್ಟೆ ಕಟ್ಟಿದ ಮಾತ್ರಕ್ಕೆ ಮಾತು ಹುಟ್ಟುತ್ತದೆಂದೂ ಅಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲೊಂದು ಮಾನಸಿಕ ಆಸ್ಪತ್ರೆಯಿತ್ತು. ಅದರ ಮುಖ್ಯಸ್ಥ ಹಂಫ್ರಿ ಆಸ್ಮಂಡ್ 1957ರಲ್ಲಿ ಜಾಗಗಳನ್ನು ಎರಡು ಬಗೆಯಾಗಿ ವಿಂಗಡಿಸಿದ: ಜನರನ್ನು ಕೂಡಿಸುವಂಥವು, ಚದುರಿಸುವಂಥವು. ಅಲ್ಲಿ ವೃದ್ಧೆಯರ ವಾರ್ಡೊಂದನ್ನು ಹೊಸದಾಗಿ ಸಿಂಗರಿಸಿ ಒಳ್ಳೆಯ ಕುರ್ಚಿ ಹಾಕಿದ್ದರೂ ಅವರು ಪರಸ್ಪರ ಮಾತೇ ಆಡುತ್ತಿರಲಿಲ್ಲ. ಮನೋವಿಜ್ಞಾನಿ ರಾಬರ್ಟ್ ಸಾಮರ್ ಹೋಗಿ ನೋಡಿದರೆ ಕುರ್ಚಿಗಳೆಲ್ಲ ಗೋಡೆಗುಂಟ ಸಾಲಾಗಿದ್ದವು, ನಮ್ಮ ಬಸ್ ನಿಲ್ದಾಣದ ಹಾಗೆ. ಅವನ್ನೆಳೆದು ಸಣ್ಣ ಮೇಜುಗಳ ಸುತ್ತ ಹಾಕಿಸಿದ. ಕೆಲವು ವಾರಗಳಲ್ಲಿ ಮಾತುಕತೆ ಸುಮಾರು ಎರಡು ಪಟ್ಟಾಯಿತು.

ಇದನ್ನು ಓದಿದಾಗ ನನಗೆ ಹೊಳೆದದ್ದು ಕವಳದ ತಬಕು. ಜಗಲಿಯೂ ಗೋಡೆಗುಂಟದ ಸಾಲೇ ತಾನೆ? ಅದನ್ನು ಮುರಿಯುವುದು ತಬಕು. ಎಲೆ, ಅಡಿಕೆ, ಸುಣ್ಣ, ತಂಬಾಕು ಒಂದೇ ತಬಕಿನಲ್ಲಿ ನಡುವೆ ಬಂದು ಕೂತರೆ ಎಲ್ಲರೂ ಅದರತ್ತ ವಾಲಲೇಬೇಕು. ಸಾಮರನ ಮೇಜು ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. (ತಂಬಾಕು, ಅಡಿಕೆ ಎರಡೂ ಕ್ಯಾನ್ಸರ್ ತರುತ್ತವೆ. ಹಾಗಾಗಿ ತಬಕನ್ನು ಹೊಗಳುತ್ತೇನೆಯೇ ಹೊರತು ಕವಳವನ್ನಲ್ಲ.) ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಆ ಜಾಗ ಮೆಟ್ಟುಗತ್ತಿಗಳ ನಡುವಿನ ಅಡಿಕೆ ರಾಶಿಯದು. ಕೈ ಕೆಲಸದಲ್ಲಿ, ಕಣ್ಣು ಕತ್ತಿಯ ಮೇಲೆ, ಬಾಯಿ ಮಾತ್ರ ಖಾಲಿ. ಸುಲಿಯುವ ಯಂತ್ರ ಬಂದ ಮೇಲೆ ಬೆರಳು ಉಳಿದವು, ನಿದ್ದೆ ಉಳಿಯಿತು. ಯಂತ್ರದ ಗದ್ದಲದಲ್ಲಿ ಮಾತಂತೂ ಸಾಧ್ಯವಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಮನೆಯ ಗುಣಗಾನವಾದೀತು. ಅದೇ ಜಗಲಿಯ ಎತ್ತರಕ್ಕೆ ಇನ್ನೊಂದು ಉದ್ಯೋಗವೂ ಇತ್ತು. ಯಾರು ಮೇಲೆ ಕೂರಬಹುದು, ಯಾರು ಕೆಳಜಗಲಿಗೆ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮೆಟ್ಟಿಲುಗಳೇ ಜಾತಿಯನ್ನು ಹೇಳುತ್ತಿದ್ದವು. ಹೆಂಗಸರಿಗೆ ಹಿತ್ತಿಲ ಬಾಗಿಲು, ತಿಂಗಳಿಗೆ ಮೂರು ದಿನ ಒಂದು ಮೂಲೆ. ಚೆನ್ನಾಗಿ ಯೋಜಿಸಿದ ಕಟ್ಟಡವೆಂದರೆ ಒಳ್ಳೆಯದನ್ನೇ ಮಾಡುವ ಕಟ್ಟಡವೆಂದೇನೂ ಅಲ್ಲ. ಯಾರದೋ ಇಚ್ಛೆಯನ್ನು ಸದ್ದಿಲ್ಲದೆ ನಡೆಸಿಕೊಡುವುದೂ ಅದರ ವಿದ್ಯೆ.

ಅಜ್ಜಿಯ ಕಥೆಯನ್ನೇ ನೋಡಿ. ಮಣ್ಣಿನ ಗೋಡೆಗೆ ಮಲೆನಾಡಿನ ಇರಚಲು ತಾಗಬಾರದೆಂದು ಮಾಡನ್ನು ಎಷ್ಟು ತಗ್ಗಿಸುತ್ತಿದ್ದರೆಂದರೆ, ಒಳಮನೆಯಲ್ಲಿ ಹಗಲೂ ಕತ್ತಲು. ಆ ಕತ್ತಲಲ್ಲಿ, ಒಲೆಯ ಹೊಗೆಯಲ್ಲಿ ಅವರ ಆಯುಷ್ಯ ಕಳೆಯಿತು. ಮನೆಯೊಳಗಿನ ಹೊಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನರ ಜೀವ ತೆಗೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಟ್ಟಿಗೆ ಅಂದಾಜು ಮಾಡಿದೆ. ಹಾಗಾಗಿ ನಮ್ಮ ಸೀಮೆಯ ಮನೆಗಳಲ್ಲಾದ ಅತಿ ದೊಡ್ಡ ಸುಧಾರಣೆ ಯಾವುದೆಂದರೆ ನಾನು ಟೈಲ್ಸ್ ನೆಲವನ್ನು ಹೆಸರಿಸುವುದಿಲ್ಲ, ಗೊಬ್ಬರ ಗ್ಯಾಸನ್ನು ಹೆಸರಿಸುತ್ತೇನೆ. ದೇಶದ ಹಲವೆಡೆ ಗುಂಡಿಗಳು ಕಟ್ಟಿದ ಕೆಲವೇ ವರ್ಷದಲ್ಲಿ ಹಾಳುಬಿದ್ದವು. ಶಿರಸಿ ಸುತ್ತಿನ ಎಂಟು ಹಳ್ಳಿಗಳಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಾದರೋ ನೋಡಿದ ಅಷ್ಟೂ ಸ್ಥಾವರಗಳು ನಡೆಯುತ್ತಿದ್ದವು. ಅವನ್ನು ಹೊಂದಿದ ಮನೆಗಳಲ್ಲಿ ನೂರಕ್ಕೆ 85ರಲ್ಲಿ ಪೂರ್ತಿ ಅಡುಗೆ ಅದರ ಮೇಲೆಯೇ. ಕಟ್ಟಿಕೊಟ್ಟವರೇ ಖಾತರಿ ಕೊಟ್ಟು ದುರಸ್ತಿ ಮಾಡಿಕೊಡುತ್ತಿದ್ದುದು ಇದಕ್ಕೊಂದು ಕಾರಣ. ಕೊಟ್ಟಿಗೆ ಅಡುಗೆಮನೆಯಿಂದ ನಾಲ್ಕು ಹೆಜ್ಜೆಯಲ್ಲಿದ್ದುದೂ ನೆರವಾಗಿರಬೇಕೆಂದು ನನ್ನ ಎಣಿಕೆ. ಸೆಗಣಿ ಬುಟ್ಟಿಯನ್ನು ಗುಡ್ಡ ಹತ್ತಿಸಬೇಕಾಗಿದ್ದರೆ ಎಷ್ಟು ದಿನ ನಡೆಯುತ್ತಿತ್ತೋ!

ಅಜ್ಜಿ ಬಿದ್ದು ಸೊಂಟ ಮುರಿದುಕೊಂಡದ್ದು ಹೊಸ್ತಿಲು ಎಡವಿ. ಒಳಗೆ ಬೆಳಕಿಲ್ಲವೆಂದು ಮಾವ ಅವರ ಮಂಚವನ್ನು ತಂದು ಜಗಲಿಯಲ್ಲಿ ಹಾಕಿಸಿದರು. "ಆನು ಜಗಲಿ ಮೇಲೆ ಕುಂತಿದ್ದೇ ಎಂಬತ್ತು ದಾಟಿದ್ ಮೇಲೆ" ಎಂದು ಅಜ್ಜಿ ನಗುತ್ತಿದ್ದರು. ಎದುರಿಗೆ ಅಂಗಳ, ತುಳಸಿಕಟ್ಟೆ, ಆಚೆ ತೂಗುವ ಅಡಿಕೆ ಮರಗಳ ತಲೆ. ನೋವಿನ ಮಾತ್ರೆ ಕೇಳುವುದು ಕಡಿಮೆಯಾಯಿತೆಂದು ಅತ್ತೆ ಹೇಳಿದಾಗ ಯಾರೂ ದೊಡ್ಡದಾಗಿ ನಂಬಲಿಲ್ಲ.

ನಂಬಬಹುದಾಗಿತ್ತು. ರೋಜರ್ ಉಲ್ರಿಕ್ ಎಂಬ ಸಂಶೋಧಕ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗಿನ ದಾಖಲೆಗಳನ್ನು ತೆಗೆಸಿ ನೋಡಿದ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಕಂದು ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ತೀವ್ರ ನೋವುನಿವಾರಕಗಳೂ ಮರದ ಕಡೆಯವರಿಗೆ ಕಡಿಮೆ ಬೇಕಾದವು. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಬರಹ ಬರೀ ಎರಡು ಪುಟದ್ದು. ರೋಗಿಗಳ ಸಂಖ್ಯೆ ಸಣ್ಣದು, ಅದೊಂದನ್ನೇ ನೆಚ್ಚುವಂತಿಲ್ಲ. ಆದರೂ ಜಗತ್ತಿನ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸಲು ಅದು ಕಾರಣವಾಯಿತು. ಅಜ್ಜಿಯ ವಿಷಯದಲ್ಲಿ ಇನ್ನೊಂದು ಲಾಭವೂ ಇತ್ತು. ಆಗಿನ್ನೂ ದಾರಿ ಅಂಗಳದಲ್ಲೇ ಇತ್ತು. ಹೋಗಿ ಬರುವವರೆಲ್ಲ ಮಂಚದ ಪಕ್ಕ ನಿಂತು ಮಾತಾಡಿಸುತ್ತಿದ್ದರು. 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಹೊರಬಂದ ವಿಶ್ಲೇಷಣೆಯೊಂದರ ಪ್ರಕಾರ, ಗಟ್ಟಿಯಾದ ಒಡನಾಟ ಉಳ್ಳವರು ಬದುಕುಳಿಯುವ ಸಂಭವ ಸುಮಾರು ಅರ್ಧದಷ್ಟು ಹೆಚ್ಚು.

ಮಾವ ಈಗ ಕಾಂಕ್ರೀಟು ಮನೆ ಕಟ್ಟಿಸಿದ್ದಾರೆ. ಹೊಸ್ತಿಲಿಲ್ಲ, ಪಾಯಖಾನೆ ಒಳಗೇ, ಅಡುಗೆಮನೆಯಲ್ಲಿ ದೊಡ್ಡ ಕಿಟಕಿ. ಅತ್ತೆಗೆ ಹಳೆಯ ಮನೆ ಬೇಕಾ ಎಂದು ಕೇಳಿದರೆ ಬೈಯುತ್ತಾರೆ. ಬೇಸಿಗೆಯಲ್ಲಿ ತಾರಸಿ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೂ ಸೋರುವುದಕ್ಕೂ ಅಡಿಕೆ ಒಣಗಿಸುವುದಕ್ಕೂ ಸೇರಿ ಮೇಲೊಂದು ತಗಡಿನ ಮಾಡು ಬಂದಿದೆ. ಆಷಾಢದ ಮಳೆ ಅದರ ಮೇಲೆ ಬಿದ್ದರೆ ಮೇಲ್ಮಹಡಿಯಲ್ಲಿ ಸನ್ನೆ ಭಾಷೆಯೇ ಗತಿ. ಮುಂದೆ ಮೂರಡಿಯ ಸಿಟೌಟ್ ಇದೆ. ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಅಲ್ಲಿ ಯಾರೂ ಕೂರುವುದಿಲ್ಲ.

ಕೂರುವುದು ಪೋರ್ಟಿಕೊದಲ್ಲಿ. ಕಾರು ಶಿರಸಿ ಪೇಟೆಗೆ ಹೋದ ದಿನ ಮಾವ ಹಳೆಯ ಮನೆಯ ಮರದ ಬೆಂಚನ್ನು ಎಳೆದು, ಮುಖ ರಸ್ತೆಯ ಕಡೆಗೆ ಬರುವಂತೆ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ತಬಕು. ಹಾಲು ಹಾಕಿ ಬರುವವರು ಸ್ಕೂಟರು ನಿಲ್ಲಿಸಿ, ಇಳಿಯದೆ, ಒಂದು ಕಾಲು ನೆಲಕ್ಕೆ ಕೊಟ್ಟು ಮಾತಾಡುತ್ತಾರೆ.